ಮಡಿಚುಗತ್ತಿಯ ಕೀಲು

ಅಮರಕೋಶದಲ್ಲಿ ಚೂರಿಗೆ ಹೇಳಿರುವ ಹೆಸರುಗಳೊಳಗೆ ಅಸಿಪುತ್ರೀ ಎಂಬುದೊಂದು. ಕತ್ತಿಯ ಮಗಳೆಂದು ಅದರ ಅರ್ಥ. ಪಾಠಶಾಲೆಯ ಜಗಲಿಯಲ್ಲಿ ಕುಳಿತು ಈ ಪದಗಳನ್ನು ಉರುಹಾಕುತ್ತಿದ್ದ ಬಾಲ್ಯದಲ್ಲಿ ನನಗೆ ಇದು ಬಹಳ ಸೊಗಸಾದ ಹೆಸರೆಂದು ತೋರಿತ್ತು. ಆದರೆ ಈ ಮಗಳಿಗೂ ಒಬ್ಬ ಮಗಳುಂಟೆಂಬುದೂ, ಅವಳು ತನ್ನ ಹಿಡಿಯೊಳಗೆ ತಾನೇ ಮಡಿಚಿಕೊಂಡು ಗೃಹಸ್ಥರ ಜೇಬಿನಲ್ಲಿ ನಿರಪಾಯವಾಗಿ ವಾಸಮಾಡುವಳೆಂಬುದೂ ಆ ಸಾಲಿನಿಂದ ತಿಳಿಯುವಂತಿಲ್ಲ. ನಾವು ದಿನವೂ ಆಡುವ ಚಾಕು ಎಂಬ ಶಬ್ದವು ಪಾರಸಿಯ ಮೂಲಕ ನಮ್ಮಲ್ಲಿಗೆ ಬಂದುದು. ಅದಕ್ಕೆ ಸಜಾತೀಯವಾದ ತುರ್ಕಿಯ ಶಬ್ದವು ಇಂದಿಗೂ ಜೇಬಿನಲ್ಲಿಡುವ ಮಡಿಚುಗತ್ತಿಗೇ ಸಲ್ಲುತ್ತದೆ. ನಮ್ಮಲ್ಲಿ ಅದು ಅಡಿಗೆಮನೆಯ ಕತ್ತಿಗೂ ಹೆಸರಾಗಿ ನಿಂತಿತು.

ಇಷ್ಟು ಸಣ್ಣ ವಸ್ತುವಿನ ಚರಿತ್ರೆಯನ್ನು ಬರೆಯುವುದಕ್ಕೆ ಒಂದು ಕಾರಣವುಂಟು. ಹನ್ನೆರಡು ವರ್ಷದ ನನ್ನ ಮೊಮ್ಮಗನು ಕಳೆದ ಬೇಸಗೆಯಲ್ಲಿ ನಮ್ಮ ಮನೆಗೆ ಬಂದಾಗ, "ಅಜ್ಜಾ, ನನಗೊಂದು ಕೆಂಪು ಚಾಕು ಕೊಡಿಸು, ಅದರಲ್ಲಿ ಕತ್ತರಿ, ಗರಗಸ, ತಿರುಪುಳಿ ಎಲ್ಲವೂ ಇವೆ" ಎಂದು ಹಟ ಹಿಡಿದನು. ಅವನ ತಾಯಿಯಾದರೋ, "ಕೊಡಿಸುವುದಾದರೆ ನೀವೇ ನೋಡಿ ಕೊಡಿಸಿ, ಅಪ್ಪಯ್ಯ. ನಿಮ್ಮ ಬೆರಳಿನ ಕಥೆ ನನಗೆ ಮರೆತಿಲ್ಲ" ಎಂದಳು. ಆ ಕಥೆಯನ್ನು ಎರಡು ಮಾತಿನಲ್ಲಿ ಹೇಳಿ ಮುಂದುವರಿಯುತ್ತೇನೆ. ನನಗೂ ಹೆಚ್ಚು ಕಡಮೆ ಅದೇ ವಯಸ್ಸಾಗಿದ್ದಾಗ ಊರ ತೇರಿನ ಅಂಗಡಿಯೊಂದರಲ್ಲಿ ಹಿತ್ತಾಳೆಯ ಹಿಡಿಯ ಒಂದು ಮಡಿಚುಗತ್ತಿಯನ್ನು ಕೊಂಡೆನು. ಅದರ ಅಲಗು ಕನ್ನಡಿಯಂತೆ ಹೊಳೆಯುತ್ತಿತ್ತು. ಕೀಲನ್ನು ನಾನು ನೋಡಲಿಲ್ಲ. ಮರುದಿನ ಬಿದಿರಿನ ಪೀಪಿಗೆ ತೂತು ಕೊರೆಯಲೆಂದು ಅಲಗಿನ ಮೊನೆಯನ್ನು ಒತ್ತಿದಾಗ ಕತ್ತಿಯು ನನ್ನ ಕೈಯಲ್ಲೇ ಮುಚ್ಚಿಕೊಂಡಿತು. ಬಲಗೈಯ ತೋರುಬೆರಳಿನ ನರ ಕಡಿಯಿತು. ಮಡಿಚಬಾರದ ಕತ್ತಿ ಮಡಿಚಿತು. ಮಡಿಚಬೇಕಾದ ಬೆರಳು ಅಂದಿನಿಂದ ಮಡಿಚದೆ ಹೋಯಿತು. ಉಪಾಧ್ಯಾಯನಾಗಿದ್ದಷ್ಟು ಕಾಲವೂ ಸೀಮೆಸುಣ್ಣವನ್ನು ಹೆಬ್ಬೆರಳಿಗೂ ನಡುಬೆರಳಿಗೂ ನಡುವೆ ಹಿಡಿದೇ ಬರೆದೆನು.

ಆದುದರಿಂದ ಮೊಮ್ಮಗನ ಕೋರಿಕೆಯು ನನಗೆ ಆಟದ ಮಾತಾಗಿರಲಿಲ್ಲ. ಯಾವ ಚಾಕುವನ್ನು ಆರಿಸಬೇಕೆಂದು ವಿಚಾರಿಸುತ್ತ ಅದರ ಪೂರ್ವಕಥೆಯನ್ನು ಓದತೊಡಗಿದೆನು. ಓದಿದಷ್ಟೂ ಒಂದು ಸಂಗತಿಯು ಸ್ಪಷ್ಟವಾಯಿತು. ಕೊಳ್ಳುವವರು ಸಾಮಾನ್ಯವಾಗಿ ಅಲಗಿನ ಹೊಳಪನ್ನೂ ಉಪಕರಣಗಳ ಸಂಖ್ಯೆಯನ್ನೂ ನೋಡುತ್ತಾರೆ. ಮಡಿಚುಗತ್ತಿಯ ಚರಿತ್ರೆಯಾದರೋ ಬಹುಮಟ್ಟಿಗೆ ಅದರ ಕೀಲಿನ ಚರಿತ್ರೆ. ವ್ಯಾಕರಣದಲ್ಲಿ ಎರಡು ಪದಗಳು ಸೇರುವ ಎಡೆಯಲ್ಲಿಯೇ ವಿಕಾರಗಳೆಲ್ಲ ಸಂಭವಿಸುವಂತೆ, ಈ ಉಪಕರಣದಲ್ಲಿ ಅಲಗೂ ಹಿಡಿಯೂ ಸೇರುವ ಸಂಧಿಯಲ್ಲಿಯೇ ಗುಣದೋಷಗಳೆಲ್ಲ ಅಡಗಿವೆ.

ಮಡಿಚುವ ಉಪಾಯವು ಬಹು ಪುರಾತನವಾದುದು. ಆಸ್ಟ್ರಿಯಾ ದೇಶದ ಹಾಲ್‌ಸ್ಟಾಟ್ ಎಂಬಲ್ಲಿ ದೊರೆತ ಎಲುಬಿನ ಹಿಡಿಯ ಮಡಿಚುಗತ್ತಿಯು ಕ್ರಿ. ಪೂ. ೬೦೦–೫೦೦ರ ಕಾಲದ್ದೆಂದು ಎಣಿಸಲ್ಪಟ್ಟಿದೆ. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿ ರೋಮನರ ಕಾಲದ, ಸುಮಾರು ಕ್ರಿ. ಶ. ಮೂರನೆಯ ಶತಮಾನದ, ಬೆಳ್ಳಿಯ ಉಪಕರಣವೊಂದಿದೆ. ಅದರಲ್ಲಿ ಚಮಚ, ಮುಳ್ಳುಚಮಚ, ಮೊನೆಗಡ್ಡಿ ಮುಂತಾದುವುಗಳೊಡನೆ ಕಬ್ಬಿಣದ ಅಲಗೂ ಸೇರಿದೆ. ಹಲವು ಉಪಕರಣಗಳನ್ನು ಒಂದೇ ಹಿಡಿಯಲ್ಲಿ ಮಡಿಚಿಡುವುದು ಆಧುನಿಕರ ಕಲ್ಪನೆಯೆಂದು ತಿಳಿದವರಿಗೆ ಇದು ಆಶ್ಚರ್ಯವನ್ನುಂಟುಮಾಡುವುದು.

ನಮ್ಮ ನೆರೆಯಲ್ಲಿಯೂ ಇದಕ್ಕೆ ನಿದರ್ಶನವುಂಟು. ತಾಳೆಯೋಲೆಯ ಮೇಲೆ ಬರೆಯುವ ಲೋಹದ ಲೇಖನಿಯನ್ನು ನಾವು ಕಂಠವೆಂದೂ ತಮಿಳರು ಎಳುತ್ತಾಣಿಯೆಂದೂ ಕರೆಯುವೆವಷ್ಟೆ. ಅವರಲ್ಲಿ ಮಡಕ್ಕೆಳುತ್ತಾಣಿ ಎಂಬುದೊಂದು ಪ್ರಭೇದ. ಒಂದು ಕೊನೆಯಲ್ಲಿ ಬರೆಯುವ ಮೊನೆ, ಇನ್ನೊಂದು ಕೊನೆಯಲ್ಲಿ ಓಲೆಯ ಅಂಚನ್ನು ಸವರುವ ಕತ್ತಿ. ಎರಡೂ ಹಿಡಿಯೊಳಗೆ ಮಡಿಚಿಕೊಳ್ಳುವುವು. ಕನ್ನಡದ ಮಡಿಚು, ತಮಿಳಿನ ಮಡಕ್ಕು ಎಂಬ ಧಾತುಗಳ ನಂಟನ್ನು ವಾಚಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ಲಿಪಿಕಾರನಿಗೆ ನಿತ್ಯವೂ ಬೇಕಾದುವು ಎರಡೇ ಕೆಲಸಗಳು. ಆದುದರಿಂದ ಅವನ ಉಪಕರಣದಲ್ಲಿ ಎರಡೇ ಅಂಗಗಳು.

ಹಳೆಯ ಕಾಲದ ಸರಳವಾದ ಮಡಿಚುಗತ್ತಿಗಳಲ್ಲಿ ಅಲಗನ್ನು ತೆರೆದು ನಿಲ್ಲಿಸುತ್ತಿದ್ದುದು ಕೀಲಿನ ಬಿಗಿತವೊಂದೇ. ಅಚ್ಚಾಣಿ ಸವೆದು ಸಡಿಲವಾದರೆ ಅಲಗೂ ಸಡಿಲವಾಗುವುದು. ಇದಕ್ಕೆ ಪರಿಹಾರವು ಪ್ರಸಿದ್ಧಿಗೆ ಬಂದುದು ಇಂಗ್ಲೆಂಡಿನ ಷೆಫೀಲ್ಡ್ ಪಟ್ಟಣದಿಂದ. ಆ ಊರಿನ ಕತ್ತಿಗಳ ಕೀರ್ತಿಯು ಹಳೆಯದು. ಹದಿನಾಲ್ಕನೆಯ ಶತಮಾನದ ಕವಿ ಚಾಸರನು ತನ್ನ ಕಥಾಕಾವ್ಯದಲ್ಲಿ ಒಬ್ಬ ಹಿಟ್ಟಿನ ಗಿರಣಿಯವನ ಬಳಿಯಲ್ಲಿ ಷೆಫೀಲ್ಡಿನ ಕತ್ತಿಯಿತ್ತೆಂದು ಹೇಳಿರುವನು. ೧೬೨೪ರಲ್ಲಿ ಅಲ್ಲಿನ ಕತ್ತಿಗಾರರ ಸಂಘಕ್ಕೆ ಶಾಸನಬದ್ಧವಾದ ಸ್ಥಾನವು ದೊರೆಯಿತು. ಅದೇ ಶತಮಾನದ ಉತ್ತರಾರ್ಧದಲ್ಲಿ ಅವರು ಹಿಡಿಯ ಬೆನ್ನಿನಲ್ಲಿ ಉಕ್ಕಿನ ಕಮಾನೊಂದನ್ನು ಕೂಡಿಸಿ ಮಡಿಚುಗತ್ತಿಗಳನ್ನು ಮಾಡತೊಡಗಿದರು. ಅಲಗಿನ ಬುಡವನ್ನು ಚೌಕವಾಗಿ ಕಡೆದು, ಕಮಾನು ಅದನ್ನು ಅದುಮುವಂತೆ ಮಾಡಿದುದೇ ಇದರ ರಹಸ್ಯ. ತೆರೆದಾಗ ಕಮಾನು ಬುಡದ ಒಂದು ಮುಖವನ್ನೂ, ಮುಚ್ಚಿದಾಗ ಇನ್ನೊಂದು ಮುಖವನ್ನೂ ಒತ್ತಿ ಹಿಡಿಯುವುದು. ತೆರೆಯುವಾಗ ಅಲಗು ನಡೆಯಬೇಕು, ನಿಲ್ಲುವಾಗ ಮಾತಾಡಬೇಕು ಎಂದು ಅಲ್ಲಿನ ಕೆಲಸಗಾರರು ಹೇಳುವರು. ಎಂದರೆ ಚಲನೆಯು ನಯವಾಗಿಯೂ, ಕೊನೆಯಲ್ಲಿ ಕೇಳುವ ಟಕ್ಕೆಂಬ ಸದ್ದು ಖಚಿತವಾಗಿಯೂ ಇರಬೇಕೆಂದು ತಾತ್ಪರ್ಯ. ತೇರಿನಲ್ಲಿ ಕೊಂಡ ನನ್ನ ಕತ್ತಿಗೆ ಈ ಮಾತು ಬರುತ್ತಿರಲಿಲ್ಲ.

ಇಂಥ ಕತ್ತಿಗಳಲ್ಲಿ ಚಿಕ್ಕದಾದುದಕ್ಕೆ ಲೇಖನಿಯ ಚಾಕು ಎಂಬ ಹೆಸರು ಬಂದುದು, ಹಕ್ಕಿಯ ಗರಿಯನ್ನು ಹೆರೆದು ಬರೆಯುವ ಮೊನೆಯನ್ನು ಮಾಡಲು ಅದು ಬೇಕಾಗುತ್ತಿದ್ದುದರಿಂದ. ಗರಿಯು ಹೋಗಿ ಉಕ್ಕಿನ ಮುಳ್ಳು ಬಂದ ಮೇಲೆಯೂ ಹೆಸರು ಉಳಿದುಕೊಂಡಿತು. ಈ ಲೇಖನಿಯ ಚಾಕುವಿಗೂ ಕನ್ನಡನಾಡಿಗೂ ಒಂದು ಸಂಬಂಧವಿದೆ. ೧೭೯೪ರ ಸುಮಾರಿಗೆ ಮುಂಬಯಿಯಲ್ಲಿದ್ದ ವೈದ್ಯ ಹೆಲೀನಸ್ ಸ್ಕಾಟನು ಈ ದೇಶದ ಉಕ್ಕಿನ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಾದ ಜೋಸೆಫ್ ಬ್ಯಾಂಕ್ಸನಿಗೆ ಕಳುಹಿಸಿದನು. ಅಲ್ಲಿ ಅದನ್ನು ವೂಟ್ಜ್ ಎಂದು ಕರೆದರು. ಇದು ನಮ್ಮ ಉಕ್ಕು ಎಂಬ ಪದದ ಅಪಭ್ರಂಶವೆಂಬುದೇ ವಿದ್ವಾಂಸರಲ್ಲಿ ಹೆಚ್ಚಾಗಿ ಪ್ರಚಲಿತವಾಗಿರುವ ಅಭಿಪ್ರಾಯ. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯನು ಈ ಉಕ್ಕಿನ ಪರೀಕ್ಷೆಯ ವಿವರಗಳನ್ನು ಆ ಸೊಸೈಟಿಯ ಮುಂದಿಟ್ಟನು. ಅದಕ್ಕಾಗಿ ಅಧ್ಯಕ್ಷನ ಅಪೇಕ್ಷೆಯಂತೆ ಲಂಡನ್ನಿನ ಕತ್ತಿಗಾರ ಜೇಮ್ಸ್ ಸ್ಟೋಡರ್ಟನು ಆ ಉಕ್ಕನ್ನು ಬಡಿದು ಮಾಡಿದ ವಸ್ತುವು ಖಡ್ಗವೂ ಅಲ್ಲ, ಈಟಿಯೂ ಅಲ್ಲ. ಒಂದು ಲೇಖನಿಯ ಚಾಕು. ಬಡಿಯುವುದು ಬಹು ಕಷ್ಟವಾದರೂ ಅದರ ಬಾಯಿ ಅಲ್ಲಿನ ಉತ್ತಮವಾದ ಉಕ್ಕಿನ ಬಾಯಿಗೆ ಸಮನಾಯಿತು. ಸ್ಟೋಡರ್ಟನು ಮುಂದೆ ಈ ಉಕ್ಕನ್ನು ತನ್ನ ಅಂಗಡಿಯ ಹೆಮ್ಮೆಯಾಗಿ ಪ್ರಚಾರ ಮಾಡಿದನು. ೧೮೧೯ರಿಂದ ಮೈಕೇಲ್ ಫ್ಯಾರಡೆಯೊಡನೆ ಸೇರಿ ಉಕ್ಕಿನ ಮಿಶ್ರಣಗಳ ಪ್ರಯೋಗಗಳನ್ನೂ ನಡೆಸಿದನು. ಅದೇ ಕಾಲದಲ್ಲಿ, ೧೮೦೦–೦೧ರಲ್ಲಿ, ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ನಮ್ಮವರು ಮಣ್ಣಿನ ಮೂಸೆಗಳಲ್ಲಿ ಉಕ್ಕನ್ನು ಮಾಡುತ್ತಿದ್ದ ಕ್ರಮವನ್ನು ಕಣ್ಣಾರೆ ಕಂಡು ಬರೆದಿಟ್ಟಿರುವನು. ಆ ಮೂಸೆಗಳು ಆರಿಹೋಗಿವೆ. ಆದರೂ ಲೋಹವನ್ನು ಪರೀಕ್ಷಿಸಬೇಕೆಂದಾಗ ಬಲ್ಲವರು ಚಿಕ್ಕ ಚಾಕುವನ್ನೇ ಮಾಡಿಸಿದರೆಂಬುದು ನೆನಪಿಡತಕ್ಕ ಸಂಗತಿ. ಚಿಕ್ಕ ಅಲಗಿನಲ್ಲಿ ದೋಷವನ್ನು ಮರೆಸಲು ಎಡೆಯಿರುವುದಿಲ್ಲ.

ಅದೇ ಷೆಫೀಲ್ಡಿನವರು ತಮ್ಮ ಕೈಚಳಕವನ್ನು ಮೆರೆಯಿಸಲು ಮಾಡಿದ ಇನ್ನೊಂದು ಬಗೆಯ ಚಾಕುಗಳೂ ಉಂಟು. ಜೋಸೆಫ್ ರಾಡ್ಜರ್ಸ್ ಮನೆತನದ ಕಾರ್ಖಾನೆಯು ೧೮೨೨ರಲ್ಲಿ ಆ ವರ್ಷದ ಸಂಖ್ಯೆಗೆ ಸರಿಯಾಗಿ ೧೮೨೨ ಅಲಗುಗಳ ಒಂದು ಚಾಕುವನ್ನು ಮಾಡಿತು. ೧೮೫೧ರ ಲಂಡನ್ ಮಹಾಪ್ರದರ್ಶನಕ್ಕಾಗಿ ೭೫ ಅಲಗುಗಳುಳ್ಳ, ನಾರ್ಫೋಕ್ ಚಾಕುವೆಂದು ಹೆಸರಾದ, ಮತ್ತೊಂದನ್ನು ಮಾಡಿತು. ನೋಡಲು ಇವು ಅದ್ಭುತವಾದುವು. ಆದರೆ ಇವನ್ನು ಜೇಬಿನಲ್ಲಿಡುವಂತಿಲ್ಲ, ಇವುಗಳಿಂದ ಮಾವಿನಹಣ್ಣೊಂದನ್ನು ಹೆಚ್ಚುವಂತೆಯೂ ಇಲ್ಲ. ಅಲಗುಗಳ ಸಂಖ್ಯೆಯನ್ನೇ ಹಿಡಿದು ಹೊರಟರೆ ದಾರಿಯು ಎಲ್ಲಿಗೆ ಮುಟ್ಟುವುದೆಂಬುದನ್ನು ಇವು ತೋರಿಸುತ್ತವೆ.

ಇನ್ನು ನನ್ನ ಮೊಮ್ಮಗನು ಬಯಸಿದ ಕೆಂಪು ಚಾಕುವಿನ ವಂಶವನ್ನು ನೋಡೋಣ. ಸ್ವಿಟ್ಜರ್ಲೆಂಡಿನ ಸೈನ್ಯವು ೧೮೮೯ರಲ್ಲಿ ಹೊಸ ಮಾದರಿಯ ಬಂದೂಕವನ್ನು ಸ್ವೀಕರಿಸಿತು. ಅದನ್ನು ಬಿಚ್ಚಲು ತಿರುಪುಳಿ ಬೇಕು. ಸಿಪಾಯಿಯು ಊಟದ ಡಬ್ಬಿಯನ್ನು ಬಿಚ್ಚಲು ಒಂದು ಕೊಕ್ಕೆ ಬೇಕು. ತೊಗಲಿಗೆ ತೂತು ಕೊರೆಯಲು ದಬ್ಬಳ ಬೇಕು. ಉಳಿದ ಕೆಲಸಕ್ಕೆ ಅಲಗು ಬೇಕು. ಈ ನಾಲ್ಕೂ ಕೂಡಿದ, ಮರದ ಹಿಡಿಯ ಸಿಪಾಯಿಯ ಚಾಕುವನ್ನು ೧೮೯೧ರಲ್ಲಿ ಗೊತ್ತುಮಾಡಿದರು. ಅಷ್ಟನ್ನು ಒದಗಿಸಬಲ್ಲ ಕಾರ್ಖಾನೆಯು ಸ್ವದೇಶದಲ್ಲಿಲ್ಲದೆ ಮೊದಲಿನ ೧೫,೦೦೦ ಚಾಕುಗಳು ಜರ್ಮನಿಯ ಜೋಲಿಂಗೆನ್ ಪಟ್ಟಣದಿಂದ ಬಂದುವು. ಟೋಪಿ ಮಾಡುವವನ ಮಗನಾದ ಕಾರ್ಲ್ ಎಲ್ಸೆನರ್ ಎಂಬಾತನು ೧೮೮೪ರಲ್ಲಿ ಷ್ವೀಟ್ಸ್ ಪ್ರಾಂತದ ಈಬಾಖ್ ಗ್ರಾಮದಲ್ಲಿ ಕತ್ತಿಯ ಕಾರ್ಖಾನೆಯನ್ನು ಹಾಕಿದ್ದನು. ನಮ್ಮ ಸೈನ್ಯದ ಚಾಕುವನ್ನು ನಾವೇ ಮಾಡಬೇಕೆಂದು ಆತನು ಇತರ ಕತ್ತಿಗಾರರನ್ನು ಕೂಡಿಸಿಕೊಂಡು ೧೮೯೧ರಲ್ಲಿಯೇ ಸೈನ್ಯಕ್ಕೆ ಚಾಕುಗಳನ್ನು ಒದಗಿಸತೊಡಗಿದನು. ಜೋಲಿಂಗೆನ್ನಿನ ಬೆಲೆಯು ಅಗ್ಗವಾಗಿದ್ದುದರಿಂದ ನಷ್ಟವಾಯಿತು, ಜೊತೆಯವರು ಕೈಬಿಟ್ಟರು, ಎಲ್ಸೆನರನು ದಿವಾಳಿಯ ಅಂಚಿಗೆ ಬಂದನು.

ಅವನನ್ನು ಉಳಿಸಿದುದು ಕೀಲಿನ ವಿಷಯದಲ್ಲಿ ಅವನು ಕಂಡ ಒಂದು ಉಪಾಯವೇ. ಎರಡೇ ಕಮಾನುಗಳಿಂದ ಆರು ಉಪಕರಣಗಳನ್ನು ಹಿಡಿದು ನಿಲ್ಲಿಸುವಂತೆ ಜೋಡಿಸಿ, ಚಿಕ್ಕ ಅಲಗೊಂದನ್ನೂ ಬಿರಡೆ ತೆಗೆಯುವ ತಿರುಪನ್ನೂ ಸೇರಿಸಿ, ಹಗುರವಾದ ಚಾಕುವನ್ನು ರಚಿಸಿದನು. ೧೮೯೭ನೆಯ ಜೂನ್ ೧೨ರಂದು ಅದನ್ನು ಅಧಿಕಾರಿಯ ಚಾಕುವೆಂದು ದಾಖಲುಮಾಡಿಸಿದನು. ಸೈನ್ಯವು ಅದನ್ನು ಹಂಚಲಿಲ್ಲ. ಅಧಿಕಾರಿಗಳು ತಾವೇ ಹಣ ಕೊಟ್ಟು ಕೊಂಡರು. ೧೯೦೯ರಲ್ಲಿ ತೀರಿಕೊಂಡ ತಾಯಿ ವಿಕ್ಟೋರಿಯಾಳ ಹೆಸರನ್ನು ಎಲ್ಸೆನರನು ತನ್ನ ಕಾರ್ಖಾನೆಗೆ ಇಟ್ಟನು. ಷೆಫೀಲ್ಡಿನಲ್ಲಿ ೧೯೧೩ರಲ್ಲಿ ಹ್ಯಾರಿ ಬ್ರಿಯರ್ಲಿಯು ತುಕ್ಕು ಹಿಡಿಯದ ಉಕ್ಕನ್ನು ಎರಕಹೊಯ್ದನಷ್ಟೆ. ಆ ಬಗೆಯ ಉಕ್ಕಿಗೆ ಫ್ರೆಂಚಿನಲ್ಲಿ ಇನಾಕ್ಸ್ ಎಂದು ಹೆಸರು. ೧೯೨೧ರಲ್ಲಿ ಈ ಹೆಸರೂ ತಾಯಿಯ ಹೆಸರೂ ಕೂಡಿ ವಿಕ್ಟೋರಿನಾಕ್ಸ್ ಆಯಿತು. ಇದೂ ಒಂದು ಸಂಧಿಯೇ.

ಆಲ್ಪ್ಸ್ ಪರ್ವತಗಳ ಇನ್ನೊಂದು ಪಕ್ಕದಲ್ಲಿ, ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ, ಇದಕ್ಕೆ ಕೇವಲ ವಿರುದ್ಧವಾದ ದಾರಿಯನ್ನು ಹಿಡಿದವನೊಬ್ಬನಿದ್ದನು. ಬೇಸಾಯದ ಆಯುಧಗಳನ್ನು ಮಾಡುವವನ ಮಗನಾದ ಜೋಸೆಫ್ ಒಪಿನೆಲನು ೧೮೯೦ರಲ್ಲಿ, ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, ಒಂದು ಮಡಿಚುಗತ್ತಿಯನ್ನು ಮಾಡಿದನು. ಅದಕ್ಕೆ ಒಂದೇ ಅಲಗು, ಸೀಳಿದ ಮರದ ಒಂದು ಹಿಡಿ, ಒಂದು ಅಚ್ಚಾಣಿ, ಸುತ್ತ ಒಂದು ಲೋಹದ ಬಳೆ. ಕಮಾನು ಇಲ್ಲವೇ ಇಲ್ಲ. ರೈತರೂ ಕುರುಬರೂ ಕೊಳ್ಳಬಹುದಾದ ಬೆಲೆ. ೧೮೯೭ರಲ್ಲಿ, ಎಂದರೆ ಎಲ್ಸೆನರನು ತನ್ನ ಚಾಕುವನ್ನು ದಾಖಲುಮಾಡಿಸಿದ ವರ್ಷದಲ್ಲಿಯೇ, ಒಪಿನೆಲನು ಒಂದರಿಂದ ಹನ್ನೆರಡರವರೆಗೆ ಸಂಖ್ಯೆಯಿಟ್ಟು ಹನ್ನೆರಡು ಅಳತೆಗಳನ್ನು ಗೊತ್ತುಮಾಡಿದನು. ಒಬ್ಬನು ಒಂದೇ ಹಿಡಿಯಲ್ಲಿ ಅನೇಕ ಉಪಕರಣಗಳನ್ನಿಟ್ಟನು. ಇನ್ನೊಬ್ಬನು ಒಂದೇ ಉಪಕರಣವನ್ನು ಅನೇಕ ಕೈಗಳಿಗೆ ಹೊಂದುವಂತೆ ಅಳೆದನು.

ಈ ಸವಾಯ್ ಚಾಕುವಿನಲ್ಲಿಯೂ ಅರುವತ್ತೈದು ವರ್ಷಗಳ ಕಾಲ ಅಲಗನ್ನು ನಿಲ್ಲಿಸಿದುದು ಬಿಗಿತವೊಂದೇ. ೧೯೫೫ರಲ್ಲಿ ಆ ಮನೆತನದ ಮಾರ್ಸೆಲ್ ಒಪಿನೆಲನು ಬಳೆಯ ಮೇಲೆ ತಿರುಗುವ ಇನ್ನೊಂದು ಬಳೆಯನ್ನು ಕೂಡಿಸಿದನು. ಅಲಗನ್ನು ತೆರೆದು ಬಳೆಯನ್ನು ತುಸು ತಿರುಗಿಸಿದರೆ ಸೀಳು ಮುಚ್ಚಿಹೋಗಿ ಅಲಗು ಹಿಂದಕ್ಕೆ ಬಾರದು. ೨೦೦೦ದಿಂದ ಈಚೆಗೆ ಮುಚ್ಚಿದ ಸ್ಥಿತಿಯಲ್ಲಿಯೂ ಚಿಲಕ ಹಾಕುವಂತೆ ಇದನ್ನು ತಿದ್ದಿದ್ದಾರೆ. ಸ್ವಿಸ್ ಸೈನ್ಯವೂ ೨೦೦೮ರಲ್ಲಿ ತನ್ನ ಹೊಸ ಸಿಪಾಯಿಯ ಚಾಕುವಿಗೆ ಅಲಗನ್ನು ಬಂಧಿಸುವ ಚಿಲಕವನ್ನು ಬಯಸಿತು. ಬಿಗಿತ, ಕಮಾನು, ಚಿಲಕ ಎಂಬ ಈ ಮೂರನ್ನು ಕೀಲಿನ ಮೂರು ಅವಸ್ಥೆಗಳೆಂದು ಹೇಳಬಹುದು.

ಹಾಗಾದರೆ ಚಿಲಕವುಳ್ಳುದೇ ಸರ್ವೋತ್ತಮವಲ್ಲವೆ ಎಂದು ಕೇಳಬಹುದು. ಇಲ್ಲಿ ರಾಜ್ಯಶಾಸನವು ಅಡ್ಡಬರುವ ದೇಶಗಳುಂಟು. ಇಂಗ್ಲೆಂಡಿನ ೧೯೮೮ರ ಶಾಸನದಂತೆ ಮೂರು ಅಂಗುಲವನ್ನು ಮೀರದ ಬಾಯುಳ್ಳ ಮಡಿಚುಗತ್ತಿಯನ್ನು ಸಾರ್ವಜನಿಕ ಸ್ಥಳದಲ್ಲಿ ಕಾರಣವಿಲ್ಲದೆಯೂ ಇಟ್ಟುಕೊಳ್ಳಬಹುದು. ಆದರೆ ಚಿಲಕ ಬಿದ್ದ ಕತ್ತಿಯು ಮಡಿಚುಗತ್ತಿಯೇ ಅಲ್ಲವೆಂದು ೧೯೯೩ರಲ್ಲಿ ಅಲ್ಲಿನ ನ್ಯಾಯಾಲಯವು ತೀರ್ಮಾನಿಸಿತು. ಇಟ್ಟುಕೊಂಡವನ ಬೆರಳನ್ನು ಕಾಯುವ ಚಿಲಕವು ಎದುರಿನವನಿಗೆ ಭಯಹೇತುವೆಂದು ಅವರ ಭಾವನೆ. ನಮ್ಮ ದೇಶದ ೧೯೫೯ರ ಆಯುಧಶಾಸನದ ಕೆಳಗಿನ ನಿಯಮಗಳು ಒಂಬತ್ತು ಅಂಗುಲಕ್ಕಿಂತ ಉದ್ದವಾದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು ಆಯುಧವರ್ಗಕ್ಕೆ ಸೇರಿಸಿ, ಮನೆಯ ಮತ್ತು ಬೇಸಾಯದ ಕೆಲಸದವನ್ನು ಬಿಟ್ಟಿವೆ. ಗುಂಡಿಯೊತ್ತಿದೊಡನೆ ಚಿಮ್ಮುವ ಕತ್ತಿಗಳಾದರೋ ಗೃಹಸ್ಥರಿಗೆ ಸಲ್ಲತಕ್ಕುವಲ್ಲ. ವಿಮಾನದಲ್ಲಿ ಹೋಗುವವರು ಯಾವ ಚಾಕುವನ್ನೂ ಕೈಚೀಲದಲ್ಲಿಡಬಾರದೆಂಬುದು ಎಲ್ಲರೂ ಬಲ್ಲ ವಿಷಯವೇ.

ಈ ಚರಿತ್ರೆಯಿಂದ ಆಯ್ಕೆಗೆ ದೊರೆಯುವ ಸೂತ್ರಗಳನ್ನು ಸಂಗ್ರಹವಾಗಿ ಹೇಳುತ್ತೇನೆ. ನಿತ್ಯವೂ ಮಾಡುವ ಕೆಲಸವೇನೆಂಬುದನ್ನು ಮೊದಲು ಎಣಿಸಬೇಕು. ಲಕೋಟೆ ಒಡೆಯುವುದು, ಸೀಸದಕಡ್ಡಿ ಹೆರೆಯುವುದು, ಸೆಣಬಿನ ದಾರ ಕೊಯ್ಯುವುದು, ಬಾಳೆಲೆ ಸವರುವುದು, ಹಣ್ಣು ಹೆಚ್ಚುವುದು: ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇಷ್ಟೇ. ಇದಕ್ಕೆ ಏಳೆಂಟು ಸೆಂಟಿಮೀಟರಿನ ಒಂದು ಅಲಗು ಧಾರಾಳವಾಗಿ ಸಾಕು. ತಿರುಪುಗಳ ಕೆಲಸವು ದಿನವೂ ಬೀಳುವವರಿಗೆ ಸ್ವಿಸ್ ಚಾಕುವೇ ಯುಕ್ತವಾದುದು.

ಎರಡನೆಯದು ಕೀಲಿನ ಪರೀಕ್ಷೆ. ಅಲಗನ್ನು ತೆರೆದು ಪಕ್ಕಕ್ಕೆ ಅಲುಗಿಸಿ ನೋಡಬೇಕು, ಅಲುಗಿದರೆ ಬಿಡಬೇಕು. ಮುಚ್ಚಿದಾಗ ಮೊನೆಯು ಹಿಡಿಯಿಂದ ಹೊರಗೆ ಇಣುಕಬಾರದು. ಕಮಾನಿನ ಚಾಕುವು ಬಾಯಿಯ ಕಡೆಯಿಂದ ಬಿದ್ದ ಒತ್ತಡವನ್ನು ತಡೆಯುವುದು, ಬೆನ್ನಿನ ಕಡೆಯಿಂದ ಬಿದ್ದುದನ್ನು ತಡೆಯಲಾರದು. ಆದುದರಿಂದ ಅದರ ಮೊನೆಯಿಂದ ಕೊರೆಯುವುದು ಎಂದಿಗೂ ಕೂಡದು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಸಾಮಾನ್ಯ ಅಳತೆಯ ಕೆಂಪು ಚಾಕುಗಳಲ್ಲಿಯೂ ಅಲಗಿಗೆ ಇರುವುದು ಕಮಾನೇ. ಚಿಲಕವಿರುವುದು ದೊಡ್ಡ ಅಳತೆಯವುಗಳಲ್ಲಿ.

ಮೂರನೆಯದು ನಮ್ಮ ಹವೆ. ಸಾದಾ ಉಕ್ಕಿನ ಅಲಗು ಸಾಣೆಗೆ ಬೇಗ ಒಲಿಯುವುದು; ಆದರೆ ಹಸಿ ಅಡಿಕೆ, ಮಾವು, ನಿಂಬೆಗಳ ರಸಕ್ಕೆ ಕಪ್ಪಾಗಿ, ಒರಸದಿದ್ದರೆ ತುಕ್ಕು ಹಿಡಿಯುವುದು. ಮಲೆನಾಡಿನ ಮಳೆಗೆ ಇನಾಕ್ಸ್ ಎಂಬ ಗುರುತುಳ್ಳುದೇ ಲೇಸು. ಮರದ ಹಿಡಿಯು ತೇವಕ್ಕೆ ಉಬ್ಬಿ ಅಲಗನ್ನು ಬಿಗಿಹಿಡಿಯುವುದೂ ಉಂಟು. ಆಗ ಹಿಡಿಯ ಹಿಂಬದಿಯನ್ನು ಮೇಜಿಗೆ ಕುಟ್ಟಿದರೆ ಅಲಗು ಮೇಲಕ್ಕೇಳುವುದು; ಸವಾಯಿನವರು ಮಾಡುವುದೂ ಹೀಗೆಯೇ. ಸ್ವಿಸ್ ಚಾಕುವಿಗೆ ಈ ಬಾಧೆಯಿಲ್ಲ.

ಕೊನೆಗೆ ನಾನು ತರಿಸಿದುದು ಸವಾಯ್ ಚಾಕುವಿನ ಏಳನೆಯ ಸಂಖ್ಯೆಯದು. ಮಕ್ಕಳಿಗೆಂದೇ ಮೊನೆಯನ್ನು ದುಂಡಗೆ ಮಾಡಿದ್ದು, ಬಳೆಯ ಚಿಲಕವುಳ್ಳದ್ದು. ಹುಡುಗನು ಪೊಟ್ಟಣವನ್ನು ಬಿಚ್ಚಿ, "ಅಜ್ಜಾ, ಇದರಲ್ಲಿ ಒಂದೇ ಅಲಗಲ್ಲವೆ?" ಎಂದು ಮುಖ ಚಿಕ್ಕದು ಮಾಡಿದನು. ನಾನು ಏನನ್ನೂ ಹೇಳದೆ ನನ್ನ ಬಲಗೈಯನ್ನು ಮುಂದಿಟ್ಟು, ತೋರುಬೆರಳನ್ನು ಮಡಿಚಿ ನೋಡೆಂದೆನು. ಅವನು ಮೆಲ್ಲನೆ ಒತ್ತಿದನು, ಮತ್ತೊಮ್ಮೆ ಒತ್ತಿದನು, ಬಿಟ್ಟುಬಿಟ್ಟನು. ಕೆಂಪು ಚಾಕುವು ಹದಿನಾರನೆಯ ವರ್ಷಕ್ಕೆಂದು ನಾವಿಬ್ಬರೂ ಒಪ್ಪಂದ ಮಾಡಿಕೊಂಡೆವು. ಅಲ್ಲಿಯವರೆಗೆ ಬಳೆಯನ್ನು ತಿರುಗಿಸದೆ ಯಾವ ಕೆಲಸವನ್ನೂ ಆರಂಭಿಸಬಾರದೆಂದು ಕರಾರು. ವಾಚಕರ ಮನೆಗಳಲ್ಲಿಯೂ ಗೂಡಿನಲ್ಲೋ ಪೆಟ್ಟಿಗೆಯಲ್ಲೋ ಹಳೆಯ ಮಡಿಚುಗತ್ತಿಯೊಂದು ಇದ್ದೀತು. ಮಕ್ಕಳ ಕೈಗೆ ಅದು ಹೋಗುವ ಮೊದಲು ಒಮ್ಮೆ ಅದರ ಕೀಲನ್ನು ಪರೀಕ್ಷಿಸಬೇಕೆಂದು ನನ್ನ ವಿಜ್ಞಾಪನೆ.

ಹುಡುಗನು ಆ ಸಂಜೆ ಜಗಲಿಯಲ್ಲಿ ಕುಳಿತು ಅಲಗನ್ನು ತೆರೆದು, ಬಳೆಯನ್ನು ತಿರುಗಿಸಿ, ಅಲಗಿನ ಬೆನ್ನನ್ನು ಕಂಬಕ್ಕೆ ಒತ್ತಿ ನೋಡಿದನು. ಅದು ಕದಲಲಿಲ್ಲ. ಆಮೇಲೆ ಸೀಸದಕಡ್ಡಿಯನ್ನು ಹೆರೆಯತೊಡಗಿದನು.